ಚೀನದ ಚಿತ್ರಗ್ರಾಹಕನೂ ನಮ್ಮ ವ್ಯಾಪಾರಸ್ಥರೂ

ಭಾರತಕ್ಕೂ ಚೀನಕ್ಕೂ ನಡುವೆ 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಸಂಚಾರವು 2025ನೆಯ ಅಕ್ಟೋಬರ ತಿಂಗಳಲ್ಲಿ ಕಲಕತ್ತೆಯಿಂದ ಗ್ವಾಂಗ್‌ಝೌ ನಗರಕ್ಕೆ ಪುನಃ ಪ್ರಾರಂಭವಾಯಿತು. ಅಂದಿನಿಂದ ನಮ್ಮ ವ್ಯಾಪಾರಸ್ಥರಿಗೂ ಕಾರಖಾನೆದಾರರಿಗೂ ಆ ದೇಶದ ಹಾದಿಯು ಸುಲಭವಾಗಿರುವದು. ಇದರಿಂದ ಗಡಿಯ ಪ್ರಶ್ನೆಯು ಬಗೆಹರಿಯಿತೆಂದು ಯಾರೂ ಭ್ರಮಿಸಬೇಕಾಗಿಲ್ಲ; ಆದರೆ ರಾಜಕಾರಣವು ಹೇಗೇ ಇದ್ದರೂ ವ್ಯಾಪಾರವು ತನ್ನ ದಾರಿಯನ್ನು ಹುಡುಕಿಕೊಳ್ಳದೆ ಬಿಡುವದಿಲ್ಲ. ಹೀಗೆ ಹೋಗುವವರು 1957ರಿಂದ ನಡೆದು ಬಂದಿರುವ ಕ್ಯಾಂಟನ್ ಮೇಳಕ್ಕೋ, 2018ರಿಂದ ಶಾಂಘೈಯಲ್ಲಿ ಪ್ರತಿವರ್ಷ ನಡೆಯುತ್ತಿರುವ ಆಮದು ಪ್ರದರ್ಶನಕ್ಕೋ ಹೋಗುವರು; ಯಂತ್ರಗಳನ್ನು ಪರೀಕ್ಷಿಸುವರು; ಸಭೆಗಳನ್ನು ನಡೆಸುವರು. ಇದೆಲ್ಲದರ ವಿಡಿಯೋ ಚಿತ್ರವು ಇಂದಿನ ವ್ಯವಹಾರದಲ್ಲಿ ಅವಶ್ಯವಾಗಿ ಪರಿಣಮಿಸಿದೆ. ಆದರೆ ಯಂತ್ರದ ಬೆಲೆಯನ್ನು ತಿಂಗಳುಗಟ್ಟಲೆ ಚೌಕಾಶಿ ಮಾಡುವ ನಮ್ಮವರು ಚಿತ್ರ ತೆಗೆಯುವವನನ್ನು ಮಾತ್ರ ಹಿಂದಿನ ರಾತ್ರಿ ಗೊತ್ತುಮಾಡುವರು. ಇದು ಸಣ್ಣ ಸಂಗತಿಯಲ್ಲವೆಂಬುದನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಪರದೇಶದವನಿಗೆ ಹಣ ಕೊಡುವದೇಕೆ, ನಮ್ಮ ಊರಿನ ಹುಡುಗನನ್ನೇ ಕ್ಯಾಮರಾಸಹಿತ ಕರೆದೊಯ್ಯಬಾರದೇಕೆ ಎಂದು ಕೆಲವರು ಕೇಳುವರು. ಸ್ವದೇಶಾಭಿಮಾನದಿಂದ ಹುಟ್ಟಿದ ಈ ಪ್ರಶ್ನೆಯನ್ನು ನಾವು ಹಗುರಾಗಿ ಎಣಿಸುವದಿಲ್ಲ. ಆದರೆ ವಸ್ತುಸ್ಥಿತಿಯನ್ನು ನೋಡಬೇಕು. 2015ನೆಯ ಜನವರಿ 1ರಿಂದ ಅಲ್ಲಿ ಜಾರಿಗೆ ಬಂದ ನಿಯಮದಂತೆ, ಜಾಹೀರಾತಿನ ಚಿತ್ರ, ಸಾಕ್ಷ್ಯಚಿತ್ರಗಳನ್ನು ತೆಗೆಯಲು ಬರುವ ಪರಕೀಯನು ತೊಂಬತ್ತು ದಿವಸ ಮೀರದೆ ಇದ್ದು ಹೋಗುವವನಾದರೂ ಉದ್ಯೋಗಕ್ಕೆ ಬಂದವನೆಂದೇ ಪರಿಗಣಿತನಾಗುವನು. ಅವನಿಗೆ ಝಡ್ ವರ್ಗದ ವೀಸಾ ಬೇಕು. ವ್ಯಾಪಾರಕ್ಕಾಗಿ ದೊರೆಯುವ ಎಮ್ ವರ್ಗದ ವೀಸಾದ ಮೇಲೆ ಹೋಗಿ ಸಂಬಳದ ಕೆಲಸ ಮಾಡುವದು ಕಾಯದೆಗೆ ವಿರುದ್ಧ. ಇನ್ನು ಸಾಮಾನಿನ ಮಾತು. ವೃತ್ತಿಯ ಉಪಕರಣಗಳನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ಯಲು ಅನುಕೂಲವಾದ ಏ.ಟಿ.ಏ. ಕಾರ್ನೆಟ್ ಎಂಬ ಪತ್ರವನ್ನು ಚೀನವು 2019ನೆಯ ಜನವರಿಯಿಂದ ಮನ್ನಿಸುತ್ತಿದೆ. ನಮ್ಮಲ್ಲಿ ಅದನ್ನು ಕೊಡುವವರು ಫಿಕ್ಕಿ ಎಂಬ ವಾಣಿಜ್ಯ ಮಹಾಮಂಡಲದವರು. ಅದಕ್ಕೆ ಭದ್ರತೆ ಕಟ್ಟಬೇಕು, ಪ್ರತಿಯೊಂದು ಮಸೂರದ ಅಂಕಿಯನ್ನೂ ಬರೆಯಿಸಬೇಕು. ಅಲ್ಲಿಗೆ ಮುಟ್ಟಿದ ಮೇಲೂ, 3ಸಿ ಮುದ್ರೆಯಿಲ್ಲದ ಪವರ್‌ಬ್ಯಾಂಕನ್ನು ಆ ದೇಶದೊಳಗಿನ ವಿಮಾನಗಳಲ್ಲಿ ಒಯ್ಯಲು 2025ನೆಯ ಜೂನ್ 28ರಿಂದ ಪ್ರತಿಬಂಧವಿದೆ. ಎರಡು ದಿವಸದ ಚಿತ್ರೀಕರಣಕ್ಕೆ ಇಷ್ಟೆಲ್ಲ ಯಾರು ಮಾಡುವರು? ಮಾಡದೆಯೇ ಹೋಗಿ ಸಿಕ್ಕಿಬಿದ್ದರೆ ಕಷ್ಟಪಡುವವನು ಆ ಹುಡುಗನೇ ಹೊರತು ಕಳಿಸಿದ ಧಣಿಯಲ್ಲ. ಕಥನವನ್ನು ಹೆಣೆಯುವ ಕೆಲಸ, ಸಂಕಲನ, ಕನ್ನಡದ ವಿವರಣೆ ಇವು ನಮ್ಮವರ ಕೈಯಲ್ಲಿರಲಿ. ಕ್ಯಾಮರಾ ಹಿಡಿಯುವವನು ಅಲ್ಲಿಯವನಿರಲಿ ಎಂಬುದೇ ನಮ್ಮ ಮತ.

ಅಲ್ಲಿಯವನನ್ನು ಗೊತ್ತುಮಾಡುವದೆಂದರೆ ಮೊದಲು ಶಬ್ದದಲ್ಲಿಯೇ ಎಚ್ಚರ ಬೇಕು. ಚೀನೀ ಭಾಷೆಯಲ್ಲಿ 'ಶೆಯಿಂಗ್' ಎಂದರೆ ಸಾಮಾನ್ಯವಾಗಿ ಛಾಯಾಚಿತ್ರ ತೆಗೆಯುವದು, 'ಶೆಶ್ಯಾಂಗ್' ಎಂದರೆ ವಿಡಿಯೋ ತೆಗೆಯುವದು. ಕಿವಿಗೆ ಇಷ್ಟು ಹತ್ತಿರವಾದ ಈ ಎರಡು ಮಾತುಗಳಲ್ಲಿ ತಪ್ಪಿದರೆ ಸಭೆಯ ದಿವಸ ಫೋಟೋಗ್ರಾಫರನು ಬಂದು ನಿಂತಾನು.

ಆದರೆ ನಮ್ಮ ಮುಖ್ಯ ವಿಷಯವು ಒಡೆತನದ್ದು. ನಮ್ಮ ದೇಶದ 1957ನೆಯ ಕೃತಿಸ್ವಾಮ್ಯ ಕಾಯದೆಯ 17ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಣ ಕೊಟ್ಟು ಫೋಟೋ ಅಥವಾ ಚಲಚ್ಚಿತ್ರವನ್ನು ಮಾಡಿಸಿದವನೇ ಅದರ ಮೊದಲನೆಯ ಒಡೆಯನು. ಈ ನಂಬಿಕೆಯು ನಮ್ಮ ವ್ಯಾಪಾರಸ್ಥರ ರಕ್ತದಲ್ಲಿಯೇ ಬೆರೆತುಹೋಗಿದೆ: ಹಣ ನನ್ನದು, ಆದುದರಿಂದ ಚಿತ್ರವೂ ನನ್ನದು. ಚೀನದ ಕಾಯದೆಯು ಇದಕ್ಕೆ ತೀರ ವಿರುದ್ಧವಾಗಿರುವದು. 2021ನೆಯ ಜೂನ್ 1ರಿಂದ ಜಾರಿಯಲ್ಲಿರುವ ಅಲ್ಲಿಯ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯದೆಯ 19ನೆಯ ಕಲಮಿನಂತೆ, ಒಬ್ಬರು ಹೇಳಿ ಮಾಡಿಸಿದ ಕೃತಿಯ ಸ್ವಾಮ್ಯವು ಕರಾರಿನಲ್ಲಿದ್ದಂತೆ ಸಲ್ಲುವದು. ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ಮಾಡಿದವನಿಗೇ ಸಲ್ಲುವದು. ಇದೇನು ಹೊಸದಾಗಿ ಹುಟ್ಟಿದ ನಿಯಮವಲ್ಲ. 1990ರ ಮೂಲ ಕಾಯದೆಯಲ್ಲಿಯೂ ಹೀಗೆಯೇ ಇದ್ದಿತು. ಮಾಡಿಸಿದವನ ಗತಿಯೇನು? ಯಾವ ಉದ್ದೇಶಕ್ಕಾಗಿ ಮಾಡಿಸಿದನೋ ಆ ಉದ್ದೇಶದ ಮಿತಿಯಲ್ಲಿ ಅದನ್ನು ಉಪಯೋಗಿಸಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಅರ್ಥ ಹೇಳಿದೆ. ಅಷ್ಟೇ.

ಇದರ ಪರಿಣಾಮವನ್ನು ಯೋಚಿಸಿರಿ. ಬೆಳಗಾವಿಯ ಎರಕದ ಕಾರಖಾನೆಯವರೊಬ್ಬರು ಶಾಂಘೈಯ ಪ್ರದರ್ಶನದಲ್ಲಿ ತಮ್ಮ ಮಳಿಗೆಯ ಚಿತ್ರ ತೆಗೆಯಿಸಿದರೆಂದು ಇಟ್ಟುಕೊಳ್ಳೋಣ. ಮುಂದಿನ ವರ್ಷ ಅದೇ ಚಿತ್ರವನ್ನು ಕತ್ತರಿಸಿ ಜಾಹೀರಾತಿನಲ್ಲಿ ಸೇರಿಸಿದರೆ ಚಿತ್ರಗ್ರಾಹಕನು ಆಕ್ಷೇಪಿಸಬಹುದು. ಮೂಲಚಿತ್ರಗಳನ್ನು ಕೇಳಿದರೆ, ಸಿದ್ಧಚಿತ್ರವನ್ನು ಕೊಟ್ಟೆನಲ್ಲ, ಮಿಕ್ಕುದು ನನ್ನದು ಎನ್ನಬಹುದು. ಅವನು ಮೋಸಗಾರನಲ್ಲ, ತನ್ನ ದೇಶದ ಕಾಯದೆಯನ್ನು ಬಲ್ಲವನು. ಬೆಂಗಳೂರಿನ ಇನ್ಫೋಸಿಸ್ಸಿನಂತಹ, 2003ರಷ್ಟು ಹಿಂದೆಯೇ ಶಾಂಘೈಯಲ್ಲಿ ಅಂಗಸಂಸ್ಥೆಯನ್ನು ತೆರೆದ ದೊಡ್ಡ ಸಂಸ್ಥೆಗೆ ಇಂಥದನ್ನು ನೋಡಿಕೊಳ್ಳಲು ವಕೀಲರ ದಂಡೇ ಸಿಕ್ಕೀತು. ಪೀಣ್ಯದ ಸಣ್ಣ ಕಾರಖಾನೆದಾರನಿಗೆ ಯಾರಿರುವರು? ಹೆಚ್ಚೆಂದರೆ ಹೋಟೆಲಿನ ಗುಮಾಸ್ತನು ಪರಿಚಯಿಸಿದ ಒಬ್ಬ ದಲ್ಲಾಳಿ.

ಆದುದರಿಂದ ಕರಾರು ಬರೆವಣಿಗೆಯಲ್ಲಿರಬೇಕು, ಎರಡೂ ಭಾಷೆಗಳಲ್ಲಿರಬೇಕು. ಸಿದ್ಧಚಿತ್ರವೂ ಎಲ್ಲ ಮೂಲಚಿತ್ರಗಳೂ ಹಣ ಸಂದಾಯವಾದೊಡನೆ ಮಾಡಿಸಿದವನ ಸ್ವತ್ತಾಗುವವೆಂಬ ಒಂದು ವಾಕ್ಯವು ಅದರಲ್ಲಿರಬೇಕು. ಕಂಪನಿಯಾಗಿದ್ದಲ್ಲಿ ಬರಿಯ ಸಹಿಯನ್ನು ನೆಚ್ಚಬಾರದು. ಅದರ ಕೆಂಪು ದುಂಡು ಮೊಹರು ಬೀಳಬೇಕು. ಕಚೇರಿಗಳಲ್ಲಿ ಮೊಹರಿನ ಮಹಿಮೆಯನ್ನು ಕಂಡಿರುವ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಅಲ್ಲಿಯ ಪ್ರತಿಯೊಂದು ನೋಂದಾಯಿತ ಸಂಸ್ಥೆಗೂ ಹದಿನೆಂಟು ಅಂಕೆ-ಅಕ್ಷರಗಳ ಒಂದು ಗುರುತು ಇರುವದು. ಮುಂಗಡ ಕೊಡುವ ಮುಂಚೆ ಅದನ್ನು ಸರಕಾರಿ ದಾಖಲೆಯಲ್ಲಿ ತಾಳೆ ನೋಡಬೇಕು. 'ಫಾಪ್ಯಾವ್' ಎಂಬ ತೆರಿಗೆ ಖಾತೆಯ ರಸೀತಿಯನ್ನು ಕೇಳಿ ಪಡೆಯಬೇಕು. ಹಲವು ಚಿತ್ರಗ್ರಾಹಕರು ರಸೀತಿಯಿಲ್ಲದ ದರವೆಂದೂ ರಸೀತಿಸಹಿತ ದರವೆಂದೂ ಎರಡು ಹೇಳುವರು. ಅಗ್ಗದ ದರಕ್ಕೆ ಮರುಳಾದವನು ಊರಿಗೆ ಬಂದು ತನ್ನ ಲೆಕ್ಕತಪಾಸಣೆಯವನಿಗೆ ಏನು ತೋರಿಸುವನು?

ಆಕಾಶದಿಂದ ಚಿತ್ರ ತೆಗೆಯಿಸುವ ಹುಚ್ಚು ಈಚೆಗೆ ಎಲ್ಲರಿಗೂ ಹಿಡಿದಿದೆ. ಡ್ರೋನುಗಳ ತವರೂರಾದ ಶೆನ್‌ಝೆನ್ ಆ ದೇಶದಲ್ಲಿಯೇ ಇರುವದರಿಂದ ಅಲ್ಲಿ ಎಲ್ಲಿ ಬೇಕಾದರೂ ಹಾರಿಸಬಹುದೆಂದು ಭಾವಿಸುವವರುಂಟು. 2024ನೆಯ ಜನವರಿ 1ರಿಂದ ಬಂದ ಕಟ್ಟಳೆಗಳಂತೆ ಡ್ರೋನನ್ನು ಒಡೆಯನ ನಿಜವಾದ ಹೆಸರಿನಲ್ಲಿ ನೋಂದಾಯಿಸಬೇಕು, ಹಣಕ್ಕಾಗಿ ಹಾರಿಸುವದಾದರೆ ವಿಮೆಯಿರಬೇಕು; 120 ಮೀಟರಿನ ಮೇಲೆಯೂ, ವಿಮಾನನಿಲ್ದಾಣ, ಸೈನ್ಯದ ನೆಲೆ ಮುಂತಾದವುಗಳ ಸುತ್ತಲೂ ಮುಂಚಿತವಾಗಿ ಅಪ್ಪಣೆಯಿಲ್ಲದೆ ಹಾರಿಸಕೂಡದು. ಈ ಜವಾಬುದಾರಿಯನ್ನು ಸ್ಥಳೀಯನ ಮೇಲೆ ಕರಾರಿನಲ್ಲಿಯೇ ಹೊರಿಸುವದು ಲೇಸು. ನೆಲದ ಮೇಲೆಯೂ ಸ್ವೇಚ್ಛೆಯಿಲ್ಲ. ಕೆಲಸಗಾರರ ಮುಖಗಳನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದು ಪ್ರಕಟಿಸುವದನ್ನು 2021ರಿಂದ ಜಾರಿಗೆ ಬಂದ ಚೀನದ ನಾಗರಿಕ ಸಂಹಿತೆಯು ನಿಷೇಧಿಸಿದೆ. ಈ ನಿಯಮವನ್ನು ನಾವು ಮೆಚ್ಚುತ್ತೇವೆ. ಬಡವನ ಮುಖವಾದರೂ ಅದು ಅವನದೇ.

ಚಿತ್ರಗಳು ಕೈಗೆ ಬರುವ ಬಗೆಯನ್ನೂ ಮೊದಲೇ ಗೊತ್ತುಮಾಡಬೇಕು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಯೂಟ್ಯೂಬ್, ವಾಟ್ಸಾಪ್ ಇವೆಲ್ಲವೂ ಅಲ್ಲಿ ನಿರ್ಬಂಧಿತ. ಕೆಲಸ ಮುಗಿದ ಸಂಜೆಯೇ ಎರಡು ಹಾರ್ಡ್ ಡಿಸ್ಕುಗಳಲ್ಲಿ ಪ್ರತಿ ಪಡೆದುಕೊಂಡು ಹೊರಡುವದಕ್ಕಿಂತ ನೆಟ್ಟಗಿನ ಉಪಾಯವಿಲ್ಲ.

ಇಷ್ಟನ್ನು ಪ್ರತಿಯೊಬ್ಬ ಕಾರಖಾನೆದಾರನೂ ತಾನೇ ಪೆಟ್ಟು ತಿಂದು ಕಲಿಯಬೇಕೆ? 1916ರಲ್ಲಿ ಮೈಸೂರು ವಾಣಿಜ್ಯ ಸಂಸ್ಥೆಯೆಂದು ಸ್ಥಾಪಿತವಾಗಿ ಈಗ ಇಡೀ ಕರ್ನಾಟಕದ ವ್ಯಾಪಾರಸ್ಥರ ಪ್ರತಿನಿಧಿಯಾಗಿರುವ ಮಹಾಸಂಸ್ಥೆಯವರು ಕನ್ನಡ, ಇಂಗ್ಲಿಷ್, ಚೀನೀ ಈ ಮೂರು ಭಾಷೆಗಳಲ್ಲಿ ಒಂದು ಮಾದರಿ ಕರಾರುಪತ್ರವನ್ನು ಮಾಡಿಸಿ ಎರಡು ಹಾಳೆಗಳಲ್ಲಿ ಅಚ್ಚುಹಾಕಿಸಬಾರದೆ? ಶಾಂಘೈ, ಗ್ವಾಂಗ್‌ಝೌಗಳಲ್ಲಿರುವ ನಮ್ಮ ಕಾನ್ಸುಲ್ ಕಚೇರಿಗಳು ಅದನ್ನು ಒಮ್ಮೆ ಪರಿಶೀಲಿಸಿ ಕೊಡುವದು ಭಾರವಾದ ಕೆಲಸವೆಂದು ನಮಗೆ ತೋರುವದಿಲ್ಲ. ಅಧಿಕಾರಿಗಳು ನಿಯೋಗಗಳ ಜೊತೆಗೆ ಹೋಗಿ ಹಾರ ಹಾಕಿಸಿಕೊಂಡು ಬರುವದಕ್ಕಿಂತ ಈ ಎರಡು ಹಾಳೆಗಳಿಂದ ಸಣ್ಣ ಕಾರಖಾನೆದಾರನಿಗೆ ಹೆಚ್ಚು ಉಪಕಾರವಾದೀತು. ಶರತ್ಕಾಲದ ಕ್ಯಾಂಟನ್ ಮೇಳವು ಅಕ್ಟೋಬರದ ಮಧ್ಯದಲ್ಲಿ ತೆರೆಯುವದು. ಅದಕ್ಕೆ ಮುಂಚೆ, ಅಕ್ಟೋಬರ 1ರಿಂದ, ರಾಷ್ಟ್ರೀಯ ದಿನದ ರಜೆಯ ವಾರವೆಲ್ಲ ಅಲ್ಲಿ ಪತ್ರಕ್ಕೆ ಉತ್ತರ ದೊರೆಯುವದು ದುರ್ಲಭ. ಕರಾರುಪತ್ರವು ಆಗಸ್ಟಿನೊಳಗೆ ಹೋಗುವವರ ಕೈಸೇರಬೇಕು.