ಅಡ್ಡ ಬಂದದ್ದು ಯಾರು?

ನಮ್ಮ ಪತ್ರಿಕೆಗಳ ಅಪರಾಧ ಪುಟಕ್ಕೆ ಅಪಘಾತದ ಎರಡೇ ಕಥೆಗಳು ಗೊತ್ತು. ಒಂದರಲ್ಲಿ ಚಾಲಕ ‘ಅತಿವೇಗ ಮತ್ತು ಅಜಾಗರೂಕತೆ’ಯಿಂದ ಓಡಿಸುತ್ತಾನೆ. ಇನ್ನೊಂದರಲ್ಲಿ ಪಾದಚಾರಿ ‘ಏಕಾಏಕಿ ಅಡ್ಡ ಬರುತ್ತಾನೆ’. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೇ ಕಲಮುಗಳು ಹುಡುಕುವುದೂ ಒಬ್ಬ ಮನುಷ್ಯನ ತಪ್ಪನ್ನೇ. ಕಾರಿಗೊಂದು ವಿನ್ಯಾಸವಿದೆ, ಅದನ್ನು ಯಾರೋ ಕೂತು ಒಪ್ಪಿದ್ದಾರೆ ಎಂಬ ಮಾತು ನಾನು ಓದಿದ ಯಾವ ವರದಿಯಲ್ಲೂ ಇಲ್ಲ.

ಮುಂಗಾಜಿನ ಎರಡು ಬದಿಗೆ ಚಾವಣಿ ಹೊತ್ತು ನಿಂತಿರುವ ಕಂಬಗಳಿಗೆ ಎ-ಪಿಲ್ಲರ್ ಎನ್ನುತ್ತಾರೆ. ವಿಶ್ವಸಂಸ್ಥೆಯ 125ನೇ ವಾಹನ ನಿಯಮದ ಪ್ರಕಾರ ಒಂದೊಂದು ಕಂಬ ಚಾಲಕನ ನೋಟದಲ್ಲಿ 6 ಡಿಗ್ರಿಯವರೆಗೆ ಮರೆಮಾಡಬಹುದು. ಆರೇ ಡಿಗ್ರಿ ತಾನೆ ಎನ್ನಬೇಡಿ. ಹೈಸ್ಕೂಲಿನ ತ್ರಿಕೋನಮಿತಿ ಸಾಕು: 10 ಮೀಟರ್ ದೂರದಲ್ಲಿ ಅದು ಒಂದು ಮೀಟರಿಗೂ ತುಸು ಹೆಚ್ಚು. ಮಗುವಿನ ಕೈ ಹಿಡಿದ ತಾಯಿ ಅದರೊಳಗೆ ಮುಳುಗಿಹೋಗುತ್ತಾಳೆ. 20 ಮೀಟರಿನಲ್ಲಿ ಎರಡು ಮೀಟರ್, ಅಂದರೆ ಒಂದು ಇಡೀ ಬೈಕು.

ನೇರ ಹೋಗುವಾಗ ಇದು ಅಷ್ಟಾಗಿ ಕಾಡುವುದಿಲ್ಲ. ಬಲಕ್ಕೆ ತಿರುಗುವಾಗ ನಮ್ಮ ಚಾಲಕನಿಗೆ ಹತ್ತಿರದ ಬಲಗಂಬ ಸರಿಯಾಗಿ ಅವನು ನೋಡಬೇಕಾದ ಕಡೆಗೇ ಬಂದು ನಿಲ್ಲುತ್ತದೆ. ಕಾರು ತಿರುಗುವ ವೇಗಕ್ಕೂ ರಸ್ತೆ ದಾಟುವವರ ನಡಿಗೆಗೂ ತಾಳ ಕೂಡಿಬಿಟ್ಟರೆ, ಕಂಬ ಸರಿದಂತೆ ಅವರೂ ಅದರ ಹಿಂದೆಯೇ ಸರಿಯುತ್ತಾರೆ. ಕೊನೆಯ ಕ್ಷಣದಲ್ಲಿ ಪ್ರತ್ಯಕ್ಷ. ‘ಏಕಾಏಕಿ’ ಎಂಬ ಪದ ಹುಟ್ಟುವುದು ಇಲ್ಲಿ. ಅವರು ಆಗಿನಿಂದಲೂ ಅಲ್ಲೇ ಇದ್ದರು. (ಅದೇ ಮೂಲೆಗೆ ಮೊಬೈಲ್ ಸ್ಟ್ಯಾಂಡ್ ಅಂಟಿಸುವ ಕ್ಯಾಬ್ ಅಣ್ಣಂದಿರ ಬಗ್ಗೆ ಬೇರೆಯೇ ಬರೆಯಬೇಕು.)

ಕಂಬ ದಪ್ಪವಿದ್ದರೆ ತಾನೆ ಕಾರು ಪಲ್ಟಿಯಾದಾಗ ಚಾವಣಿ ಕುಸಿಯದು ಎಂದು ಇಂಜಿನಿಯರಿಂಗ್ ಗೆಳೆಯರು ನನಗೆ ಪಾಠ ಮಾಡುತ್ತಾರೆ. ನಿಜ. ಆದರೆ ಗಟ್ಟಿತನಕ್ಕೆ ದಪ್ಪವೊಂದೇ ದಾರಿಯಲ್ಲ. ಉತ್ತಮ ಉಕ್ಕು ಬಳಸಿದರೆ ಕಂಬ ತೆಳ್ಳಗಾದೀತು. 2001ರಲ್ಲೇ ವೋಲ್ವೋ ಒಂದು ಮಾದರಿ ಕಾರಿನಲ್ಲಿ ಜಾಲರಿಯಂಥ, ಆರಪಾರ ಕಾಣುವ ಕಂಬ ಮಾಡಿ ತೋರಿಸಿತ್ತು. ಇನ್ನು ಗಾಜನ್ನು ಹಿಂದಕ್ಕೆ ವಾಲಿಸಿ ಕಂಬವನ್ನು ಕಣ್ಣಿನ ದಾರಿಗೆ ತರುವ ಆ ‘ಸ್ಟೈಲ್’ ಯಾರ ಜೀವ ಉಳಿಸಲು?

ಒಳಗಿರುವವರ ಸುರಕ್ಷತೆಯ ಲೆಕ್ಕವನ್ನು ಹೊರಗಿರುವವರು ತೆರುತ್ತಿದ್ದಾರೆ ಎಂಬುದು ನನ್ನ ತಕರಾರು. 2023ರಲ್ಲಿ ಬಂದ ಭಾರತ್ ಎನ್‌ಕ್ಯಾಪ್ ನಕ್ಷತ್ರ ಕೊಡುವುದು ಕಾರಿನೊಳಗಿನ ದೊಡ್ಡವರ, ಮಕ್ಕಳ ರಕ್ಷಣೆಗೆ. ಚಾಲಕನಿಗೆ ಎಷ್ಟು ಕಾಣುತ್ತದೆ ಎಂಬುದಕ್ಕೆ ನಕ್ಷತ್ರವಿಲ್ಲ. ಕೇಂದ್ರ ಸರ್ಕಾರದ್ದೇ ವರದಿಯಂತೆ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ ಶೇ. 44.5 ದ್ವಿಚಕ್ರ ಸವಾರರು, ಶೇ. 19.5 ಪಾದಚಾರಿಗಳು. ಇವರಲ್ಲಿ ಎಷ್ಟು ಮಂದಿ ಕಂಬದ ಹಿಂದಿದ್ದರೋ, ಆ ಕಲಂ ವರದಿಯಲ್ಲೇ ಇಲ್ಲ.

ಲಂಡನ್ನಿನಲ್ಲಿ 12 ಟನ್ನಿಗೂ ಹೆಚ್ಚಿನ ಲಾರಿಗಳಿಗೆ, ಚಾಲಕನಿಗೆ ಕನ್ನಡಿ ಕ್ಯಾಮೆರಾಗಳಿಲ್ಲದೆ ನೇರವಾಗಿ ಎಷ್ಟು ಕಾಣುತ್ತದೆ ಎಂದು ಅಳೆದು 0ಯಿಂದ 5 ನಕ್ಷತ್ರ ಕೊಡುತ್ತಾರೆ. ಕಡಿಮೆ ಬಂದರೆ ಕೊರತೆ ತುಂಬುವ ಉಪಕರಣ ಹಾಕಿಸಬೇಕು, ಇಲ್ಲವೆಂದರೆ ಊರೊಳಗೆ ಪ್ರವೇಶವಿಲ್ಲ.

ನಮ್ಮ ಶೋರೂಮುಗಳಲ್ಲಿ ಡಿಕ್ಕಿಗೆ ಎಷ್ಟು ಲೀಟರ್ ಸಾಮಾನು ಹಿಡಿಯುತ್ತದೆಂದು ಕರಪತ್ರದಲ್ಲಿ ಅಚ್ಚು ಹಾಕಿರುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಬರಲಿ: ಈ ಸೀಟಿನಲ್ಲಿ ಕೂತವರಿಗೆ ಎಷ್ಟು ಡಿಗ್ರಿ ರಸ್ತೆ ಕಾಣುವುದಿಲ್ಲ.