ತಾಲೀಮಿನ ವೇಳೆ ತೆರೆಯ ಆಟ ಬೇಡ

ದಾವಣಗೆರೆಗೆ 1951ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿತು. ಇಂದು ನಾವು ಯು.ಬಿ.ಡಿ.ಟಿ. ಎಂದು ಕರೆಯುವುದು ಅದನ್ನೇ. 1979ರಲ್ಲಿ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯವೂ 2009ರಲ್ಲಿ ತೋಳಹುಣಸೆಯ ಬಳಿಯ ವಿಶ್ವವಿದ್ಯಾನಿಲಯವೂ ಅದರ ಜೊತೆಗೂಡಿದವು. ಆದ್ದರಿಂದ ಈ ನಗರದಲ್ಲಿಯೂ ಹರಿಹರದಲ್ಲಿಯೂ ನಮ್ಮ ಅನೇಕ ಮನೆಗಳಿಗೆ ‘ಸೆಮಿನಾರ್’, ‘ಪ್ರಾಜೆಕ್ಟ್ ವೈವಾ’ ಎಂಬ ಮಾತುಗಳು ಈಗ ಹೊಸವಲ್ಲ. ಮಗಳೋ ಮಗನೋ ರಾತ್ರಿ ಹನ್ನೆರಡರವರೆಗೆ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರೆ ತಂದೆತಾಯಿಗಳು ಓದು ಜೋರಾಗಿ ನಡೆದಿದೆಯೆಂದು ಸಮಾಧಾನಪಡುತ್ತಾರೆ, ನಡುವೆ ಒಂದು ಲೋಟ ಹಾಲನ್ನೂ ಇಟ್ಟು ಬರುತ್ತಾರೆ. ಒಳಗೆ ನಡೆದಿರುವುದಾದರೋ ಬಹಳ ಸಲ ಓದಲ್ಲ. ಶೀರ್ಷಿಕೆ ಎಡದಿಂದ ಹಾರಿ ಬರಬೇಕೋ, ಮೇಲಿಂದ ಬೀಳಬೇಕೋ, ಗಿರಗಿರನೆ ತಿರುಗಿ ನಿಲ್ಲಬೇಕೋ ಎಂಬ ವಿಚಾರ!

ಅಕ್ಷರಗಳೂ ಚಿತ್ರಗಳೂ ತೆರೆಯ ಮೇಲೆ ಹೀಗೆ ಚಲಿಸುವುದನ್ನು ಅನಿಮೇಷನ್ ಎನ್ನುತ್ತಾರೆ. ಅದು ಇರಬಾರದೆಂದು ನಾವು ಹೇಳುತ್ತಿಲ್ಲ. ಮಂಡನೆಯ ತಾಲೀಮು ನಡೆಸುವಷ್ಟು ಕಾಲ ಅದನ್ನು ನಿಲ್ಲಿಸಿಡಬೇಕು ಎಂಬುದಷ್ಟೇ ಈ ತಿಂಗಳ ನಮ್ಮ ಸೂಚನೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿರಲಾರದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರು ನಮ್ಮದು. ಹಳ್ಳಿಗಳಲ್ಲಿ ಜಾತ್ರೆಯ ನಾಟಕ ಕಲಿಯುವ ಬಗೆಯನ್ನು ಹಿರಿಯರೆಲ್ಲ ಬಲ್ಲರು. ತಿಂಗಳುಗಟ್ಟಲೆ ಗುಡಿಯ ಅಂಗಳದಲ್ಲಿಯೋ ಶಾಲೆಯ ಜಗಲಿಯಲ್ಲಿಯೋ ಮೇಷ್ಟ್ರ ಹಾರ್ಮೋನಿಯಂ ಮುಂದೆ ಮಾತಿನ ತಾಲೀಮು ನಡೆಯುತ್ತದೆ. ಅರಮನೆಯ ಪರದೆ, ಕಾಡಿನ ಪರದೆ, ಬಣ್ಣದ ದೀಪ ಇವೆಲ್ಲ ಬಾಡಿಗೆಯ ಸಾಮಾನುಗಳು. ನಾಟಕದ ದಿನವೇ ಗಾಡಿಯಲ್ಲಿ ಬಂದಿಳಿಯುತ್ತವೆ. ಪರದೆ ತರಿಸಿಕೊಂಡ ಮೇಲೆ ಮಾತು ಕಲಿಯೋಣವೆಂದವರನ್ನು ನಾವು ಕಂಡಿಲ್ಲ. ಇಂದಿನ ವಿದ್ಯಾರ್ಥಿಗೆ ಪರದೆ ಬಾಡಿಗೆಯಿಲ್ಲದೆ ಬೆರಳ ತುದಿಯಲ್ಲೇ ದೊರೆಯುವುದರಿಂದ ಕ್ರಮ ತಲೆಕೆಳಗಾಗಿದೆ.

ಸಾಲು ಸಾಲಾಗಿ ತೋರಿಸುವ ಹವ್ಯಾಸ ಗಣಕಯಂತ್ರಕ್ಕಿಂತ ಹಳೆಯದು. ಪಾರದರ್ಶಕ ಹಾಳೆಯನ್ನು ಓವರ್‌ಹೆಡ್ ಪ್ರೊಜೆಕ್ಟರಿನ ಮೇಲಿಟ್ಟು, ಅದರ ಮೇಲೊಂದು ಕಾಗದ ಮುಚ್ಚಿ, ಒಂದೊಂದೇ ಸಾಲಿನಷ್ಟು ಕೆಳಗೆ ಸರಿಸುತ್ತ ಪಾಠ ಹೇಳಿದ ಅಧ್ಯಾಪಕರು ಅನೇಕರ ನೆನಪಿನಲ್ಲಿ ಇದ್ದಾರು. ಪವರ್‌ಪಾಯಿಂಟ್ ಹುಟ್ಟಿದ್ದೇ ಅಂಥ ಹಾಳೆಗಳನ್ನು ಸಿದ್ಧಪಡಿಸುವುದಕ್ಕಾಗಿ. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ರೂಪಿಸಿದ ಅದು 1987ರಲ್ಲಿ ಮೊದಲು ಮ್ಯಾಕಿಂಟೋಷ್ ಯಂತ್ರಕ್ಕೆ ಬಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು 1 ಕೋಟಿ 40 ಲಕ್ಷ ಡಾಲರಿಗೆ ಕೊಂಡಿತು. ಹಾರುವ, ಪುಟಿಯುವ, ಸುತ್ತುವ ಅಕ್ಷರಗಳೆಲ್ಲ ಆಮೇಲಿನ ಸೇರ್ಪಡೆಗಳು.

ಈಗ ಲೆಕ್ಕ ನೋಡೋಣ. 12 ಸ್ಲೈಡುಗಳು, ಒಂದೊಂದರಲ್ಲಿ 5 ಸಾಲು, ಪ್ರತಿ ಸಾಲಿಗೂ ಒಂದು ಒತ್ತು ಎಂದಿಟ್ಟುಕೊಂಡರೆ ಸಾಲುಗಳಿಗೇ 60 ಸಲ ಒತ್ತಬೇಕು. ಒಂದು ಚಲನೆಗೆ ಒಂದು ಸೆಕೆಂಡಾದರೂ ಪೂರ್ತಿ ಒಂದು ನಿಮಿಷ ಅಕ್ಷರಗಳ ಓಡಾಟಕ್ಕೇ ಹೋಯಿತು. ಮಂಡನೆಗೆ ಕೊಡುವುದು ಎಂಟೋ ಹತ್ತೋ ನಿಮಿಷವಾದಾಗ ಇದು ಸಣ್ಣ ನಷ್ಟವಲ್ಲ. ತಾಲೀಮಿನಲ್ಲಿ ಇನ್ನೂ ಹೆಚ್ಚು. ಒಂಬತ್ತನೆಯ ಸ್ಲೈಡಿನಲ್ಲಿ ಮಾತು ತಡವರಿಸಿತೆಂದು ಮೊದಲಿನಿಂದ ಮತ್ತೆ ಆರಂಭಿಸಿದರೆ ಅಲ್ಲಿಗೆ ತಲುಪುವಷ್ಟರಲ್ಲಿ 48 ಸಲ ಒತ್ತಿರಬೇಕು: ಸಾಲುಗಳಿಗೆ 40, ಸ್ಲೈಡು ಬದಲಿಸಲು 8. ಅನಿಮೇಷನ್ ಇಲ್ಲದಿದ್ದರೆ ಎಂಟೇ. ಶಿಫ್ಟ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿ ನಡುವಿನಿಂದಲೇ ಆರಂಭಿಸಬಹುದು, ನಿಜ. ಆದರೆ ಹಿಂದಿನ ಮಾತಿನ ಓಟವಿಲ್ಲದೆ ತಡವರಿಕೆ ಎಲ್ಲಿ ಹುಟ್ಟಿತೆಂಬುದು ತಿಳಿಯುವುದಿಲ್ಲ.

ಸಮಯದ ನಷ್ಟಕ್ಕಿಂತ ದೊಡ್ಡದು ಬೇರೊಂದಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಂಡನೆ ಮಾಡಬೇಕಾದಾಗ ಸಹಜವಾಗಿಯೇ ಅಳುಕುತ್ತಾರೆ. ಆ ಅಳುಕಿಗೆ ಅನಿಮೇಷನ್ ಒಂದು ಮರೆ. ಮುಂದಿನ ಮಾತು ಹೊಳೆಯದಿದ್ದರೆ ಗುಂಡಿ ಒತ್ತುವುದು, ಬಂದ ಸಾಲನ್ನು ಓದುವುದು, ಮತ್ತೆ ಒತ್ತುವುದು. ಮನೆಯಲ್ಲಿ ಹತ್ತು ಸಲ ಹೀಗೆ ಮಾಡಿದವರಿಗೆ ವಿಷಯ ಬಾಯಿಗೆ ಬಂದಿತೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಬಂದಿರುವುದು ಒತ್ತುವ ಅಭ್ಯಾಸ ಮಾತ್ರ. ಪರೀಕ್ಷಕರು ನಡುವೆ ತಡೆದು, “ಈ ಫಲಿತಾಂಶ ಹೇಗೆ ಬಂತಮ್ಮ?” ಎಂದು ಕೇಳಿದಾಗ ಒತ್ತುವುದಕ್ಕೆ ಗುಂಡಿ ಇರುವುದಿಲ್ಲ. ಅಂಕಗಳು ಹೋಗುವುದು ಅಲ್ಲಿಯೇ. ಮುಂದೆ ಕೆಲಸದ ಸಂದರ್ಶನದಲ್ಲಿಯೂ ಇದೇ ಕಷ್ಟ ಎದುರಾಗುತ್ತದೆ.

ನಿಲ್ಲಿಸುವ ಕೆಲಸ ಸುಲಭ. ಪವರ್‌ಪಾಯಿಂಟಿನಲ್ಲಿ ‘ಸ್ಲೈಡ್ ಶೋ’ ಎಂಬಲ್ಲಿಗೆ ಹೋಗಿ ‘ಸೆಟ್ ಅಪ್ ಸ್ಲೈಡ್ ಶೋ’ ತೆರೆದರೆ ‘ಶೋ ವಿತೌಟ್ ಅನಿಮೇಷನ್’ ಎಂಬ ಸಾಲಿನ ಮುಂದೆ ಒಂದು ಚೌಕವಿರುತ್ತದೆ. ಅದಕ್ಕೆ ಗುರುತು ಹಾಕಿದರಾಯಿತು. ಅಳಿಸಿಹೋಗುವುದು ಏನೂ ಇಲ್ಲ. ಗುರುತು ತೆಗೆದೊಡನೆ ಎಲ್ಲವೂ ಮೊದಲಿನಂತೆ ಚಲಿಸುತ್ತವೆ. ಇಂಥ ಸೌಕರ್ಯವಿಲ್ಲದ ತಂತ್ರಾಂಶವಾದರೆ ಕಡತದ ಪಿ.ಡಿ.ಎಫ್. ಪ್ರತಿ ಮಾಡಿಕೊಳ್ಳಬಹುದು, ಅದರಲ್ಲಿ ಚಲನೆ ಇರುವುದೇ ಇಲ್ಲ. ಮೊಬೈಲಿನಲ್ಲಿ ಆ ಪ್ರತಿಯಿದ್ದರೆ ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿಯೂ ಮನಸ್ಸಿನಲ್ಲೇ ಒಂದು ಸುತ್ತು ಮುಗಿಸಬಹುದು, ಕೂರಲು ಸ್ಥಳ ಸಿಕ್ಕರೆ.

ಅನಿಮೇಷನ್ ನಿಂತಾಗ ಸ್ಲೈಡಿನ ನಿಜರೂಪ ಕಾಣುತ್ತದೆ. ಐದೂ ಸಾಲು ಒಮ್ಮೆಲೇ ಎದುರಿಗೆ ನಿಲ್ಲುತ್ತವೆ. ಅಲ್ಲಿ ಎಷ್ಟು ತುರುಕಲಾಗಿದೆಯೆಂಬುದು ಆಗ ತಿಳಿಯುತ್ತದೆ. ಒಂದರ ಮೇಲೊಂದು ಬರುವಂತೆ ಜೋಡಿಸಿದ ಚಿತ್ರಗಳು ಒಟ್ಟಿಗೇ ಕಾಣಿಸಿ ಗೋಜಲೆನಿಸಬಹುದು. ಅಂಥವನ್ನು ಎರಡು ಮೂರು ಸ್ಲೈಡುಗಳಾಗಿ ಬಿಡಿಸುವುದು ಲೇಸು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಚಿತ್ರ ಮತ್ತು ಮಾತುಗಳಿಂದ ಕಲಿಯುವ ಬಗೆಯನ್ನು ದೀರ್ಘಕಾಲ ಅಭ್ಯಸಿಸಿದವರು. ವಿಷಯಕ್ಕೆ ಸಂಬಂಧಿಸದ ಅಲಂಕಾರವನ್ನು ತೆಗೆದಷ್ಟೂ ಕಲಿಕೆ ಚೆನ್ನಾಗಿ ಆಗುತ್ತದೆಂಬುದು ಅವರ ನಿಲುವು. ಕಠಿಣ ವಿಷಯವನ್ನು ಬಿಡಿ ಬಿಡಿಯಾಗಿ ಮುಂದಿಡುವುದು ಒಳ್ಳೆಯದೆಂದೂ ಅವರೇ ಹೇಳುತ್ತಾರೆ. ಆದುದರಿಂದ ಬಿಡಿಸಿ ತೋರಿಸುವುದು ತಪ್ಪಲ್ಲ, ಕುಣಿಸಿ ತೋರಿಸುವುದು ವ್ಯರ್ಥ.

ಚಲನೆಯೇ ವಿಷಯವಾಗಿರುವ ಸಂದರ್ಭವೂ ಉಂಟು. ಹರಿಹರವನ್ನೇ ತೆಗೆದುಕೊಳ್ಳಿ. ಅಲ್ಲಿ 1941ರಲ್ಲಿ ಸ್ಥಾಪನೆಯಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್ ಯಂತ್ರಗಳು ನಾಡಿನಲ್ಲೆಲ್ಲ ಹೆಸರಾಗಿದ್ದವು. ಮೆಕ್ಯಾನಿಕಲ್ ವಿದ್ಯಾರ್ಥಿಯೊಬ್ಬ ಲೇಥಿನ ಕೆಲಸವನ್ನು ವಿವರಿಸಬೇಕಾಗಿದೆ ಎನ್ನೋಣ. ಚಕ್ಕಿನಲ್ಲಿ ಸಿಕ್ಕಿಸಿದ ಲೋಹದ ತುಂಡು ತಿರುಗುತ್ತದೆ, ಕತ್ತರಿಸುವ ಉಪಕರಣ ಅದರ ಉದ್ದಕ್ಕೂ ಮೆಲ್ಲಗೆ ಸರಿಯುತ್ತದೆ, ಲೋಹ ಸುರುಳಿ ಸುರುಳಿಯಾಗಿ ಬಿಡುತ್ತದೆ. ಇದನ್ನು ಚಲಿಸುವ ಚಿತ್ರದಲ್ಲಿ ತೋರಿಸುವುದು ಯುಕ್ತವೇ. ಆದರೂ ತಾಲೀಮಿನಲ್ಲಿ ಅದನ್ನು ನಿಲ್ಲಿಸಿ, ಬರಿಯ ಕೈಸನ್ನೆಯಿಂದಲೂ ಮಾತಿನಿಂದಲೂ ಆತ ಒಮ್ಮೆ ಹೇಳಿ ನೋಡಲಿ. ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಮುಂದೆಯೇ ಹೇಳಲಿ. ತಪ್ಪಿದ ಕಡೆ ಅವರು ಸುಮ್ಮನಿರುವವರಲ್ಲ.

ಕೇಳುವವರು ವಿಷಯ ಬಲ್ಲವರೇ ಆಗಬೇಕೆಂದಿಲ್ಲ. ಸಂಜೆ ಅಡಿಗೆಯ ಕೆಲಸ ಮುಗಿದ ಮೇಲೆ ತಾಯಿ ಹತ್ತು ನಿಮಿಷ ಎದುರು ಕುಳಿತರೆ ಸಾಕು. ಮೊದಲ ಸುತ್ತು ಕನ್ನಡದಲ್ಲಿಯೇ ನಡೆಯಲಿ. “ಅವ್ವಾ, ನಾವು ಮಾಡಿದ್ದು ಇಷ್ಟು, ಅದರಿಂದ ಕಂಡುಕೊಂಡದ್ದು ಇಷ್ಟು” ಎಂದು ತಾಯಿಗೆ ತಿಳಿಯುವಂತೆ ಹೇಳಬಲ್ಲ ಮಗಳಿಗೆ ಇಂಗ್ಲಿಷ್ ಪದಗಳನ್ನು ಹುಡುಕಿಕೊಳ್ಳುವುದು ಅಷ್ಟು ಕಷ್ಟವಾಗದು. ತಂದೆ ಗಡಿಯಾರ ಹಿಡಿದು ಕೂರಬಹುದು. ಪವರ್‌ಪಾಯಿಂಟಿನಲ್ಲಿ ‘ರಿಹರ್ಸ್ ಟೈಮಿಂಗ್ಸ್’ ಎಂಬ ಅನುಕೂಲವೂ ಇದೆ. ಒಂದೊಂದು ಸ್ಲೈಡಿಗೆ ಎಷ್ಟು ಹೊತ್ತಾಯಿತೆಂದು ಅದು ತೋರಿಸುತ್ತದೆ. ಕೊನೆಯಲ್ಲಿ ಆ ವೇಳೆಯನ್ನು ಉಳಿಸಿಕೊಳ್ಳಬೇಕೇ ಎಂದು ಅದು ಕೇಳಿದಾಗ ಬೇಡವೆನ್ನಬೇಕು. ಉಳಿಸಿಕೊಂಡರೆ ಮಂಡನೆಯ ದಿನ ಸ್ಲೈಡುಗಳು ತಾವಾಗಿಯೇ ಸರಿಯತೊಡಗಿ, ಹೇಳುವವರ ಮಾತು ಹಿಂದೆ ಬೀಳುತ್ತದೆ.

ಮಾತು ಗಟ್ಟಿಯಾದ ಮೇಲೆ ಒಂದೆರಡು ಸುತ್ತು ಅನಿಮೇಷನ್ ಸಹಿತವಾಗಿಯೇ ನಡೆಯಬೇಕು. ಇಲ್ಲವಾದರೆ ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕು ಎಂಬುದು ಕೈಗೆ ಹೊಂದುವುದಿಲ್ಲ. ಹಾಕಿದ ಗುರುತು ಕಡತದೊಳಗೇ ಉಳಿಯುವುದರಿಂದ, ಅದನ್ನು ತೆಗೆಯದೆ ಹೋದರೆ ಕಾಲೇಜಿನ ಯಂತ್ರದಲ್ಲಿಯೂ ಏನೂ ಚಲಿಸದು. ಮನೆಯ ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿಯಿದ್ದು ಕಾಲೇಜಿನಲ್ಲಿ ಹಳೆಯದಿದ್ದರೆ ‘ಮಾರ್ಫ್’ನಂತಹ ಹೊಸ ಪರಿಣಾಮಗಳು ಅಲ್ಲಿ ಬರಿಯ ಮಸುಕಾಗುವಿಕೆಯಾಗಿ ಕಂಡಾವು. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ಆ ಯಂತ್ರದಲ್ಲಿ ತೆರೆದು ನೋಡಬೇಕು. ಪೆನ್ ಡ್ರೈವಿನಲ್ಲಿ ಮೂಲ ಕಡತದ ಜೊತೆಗೆ ಆ ಪಿ.ಡಿ.ಎಫ್. ಪ್ರತಿಯೂ ಇರಲಿ.