ತಾಮ್ರ ಅರಸನದು, ಹಸಿವು ಕೂಲಿಯವನದು

ಗಣಿಯೂ ಕಾರ್ಖಾನೆಯೂ ಸರಕಾರದ ವಶಕ್ಕೆ ಬಂದರೆ ಸಾಕು, ಸಮಾಜವಾದ ಬಂದಂತೆಯೇ ಎಂದು ಉಪದೇಶಿಸುವ ಮಹಾಶಯರಿದ್ದಾರೆ. ಖಾಸಗಿ ಧಣಿಯ ಹಿಡಿತ ಹೋಗಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಸರಕಾರ ಯಾರದು ಎಂದು ಕೇಳದೆ ಸರಕಾರಿ ಒಡೆತನಕ್ಕೆ ಜೈ ಎನ್ನಲು ನಾವು ಸಿದ್ಧರಿಲ್ಲ. ಇದಕ್ಕೆ ಮೂರು ಸಾವಿರ ವರ್ಷಗಳ ಹಿಂದಿನ ಈಜಿಪ್ತೇ ಸಾಕ್ಷಿ.

ಅಲ್ಲಿ ಕ್ರಿ. ಪೂ. ೧೧೮೬ರಿಂದ ೧೧೫೫ರ ಸುಮಾರಿನವರೆಗೆ ಮೂರನೆಯ ರಾಮೆಸಸ್ ಆಳಿದ. ಅಟಿಕಾ ಎಂಬ ನಾಡಿನ ಗಣಿಗಳಿಗೆ ತನ್ನವರನ್ನು ಕಳುಹಿಸಿ, ಹಡಗುಗಳಲ್ಲಿಯೂ ಕತ್ತೆಗಳ ಮೇಲೂ ತಾಮ್ರ ತರಿಸಿದೆನೆಂದು, ಜನ ಕಂಡು ಬೆರಗಾಗಲೆಂದು ಅರಮನೆಯ ಮುಂದೆ ಅದನ್ನು ಇರಿಸಿದೆನೆಂದು ಅವನ ಹೆಸರಿನ ಪಪೈರಸ್ ಸುರುಳಿ ಕೊಚ್ಚಿಕೊಳ್ಳುತ್ತದೆ. ಸುರುಳಿಯ ಉದ್ದವೇ ಸುಮಾರು ೪೧ ಮೀಟರು! ಅಟಿಕಾ ಎಂದರೆ ಇಂದಿನ ಇಸ್ರೇಲಿನ ದಕ್ಷಿಣ ಭಾಗದ ತಿಮ್ನಾ ಕಣಿವೆ ಎಂಬುದು ಹಲವು ವಿದ್ವಾಂಸರ ಮತ. ಅಲ್ಲಿನ ಬಂಡೆಯ ಮೇಲೆ ಈ ಅರಸನ ಹೆಸರಿದೆ. ಗಣಿಯ ಗುಂಡಿಗೆ ಇಳಿದ ಒಬ್ಬ ಕೂಲಿಯವನ ಹೆಸರನ್ನೂ ಆ ಉದ್ದದ ಸುರುಳಿ ಹೇಳುವುದಿಲ್ಲ.

ಈಗ ತಾಮ್ರವನ್ನು ಬಳಸುತ್ತಿದ್ದವರ ಕಡೆ ಬನ್ನಿ. ನೈಲ್ ನದಿಯ ಪಶ್ಚಿಮ ದಡದಲ್ಲಿ, ಇಂದು ದೇರ್ ಎಲ್ ಮದೀನಾ ಎನ್ನುವ ಹಳ್ಳಿಯಲ್ಲಿ, ಅರಸರ ಗೋರಿ ಕೊರೆಯುವವರು ವಾಸಿಸುತ್ತಿದ್ದರು. ಅವರ ಕೈಯ ತಾಮ್ರದ ಉಳಿ ಸರಕಾರದ ಸೊತ್ತು. ಗುಮಾಸ್ತ ಅದನ್ನು ತೂಗಿ ಕೊಡುತ್ತಿದ್ದ. ಮೊಂಡಾದ ಮೇಲೆ ತೂಗಿ ಹಿಂದಕ್ಕೆ ಪಡೆಯುತ್ತಿದ್ದ. ನಾಣ್ಯವಿಲ್ಲದ ಆ ಕಾಲದಲ್ಲಿ ಸರಕಿನ ಬೆಲೆಯನ್ನೂ ತಾಮ್ರದ ತೂಕದಲ್ಲೇ ಎಣಿಸುತ್ತಿದ್ದರು. ಒಂದು ದೆಬೆನ್ ಎಂದರೆ ಸುಮಾರು ೯೧ ಗ್ರಾಮು. ವರ್ತಕ ಬಂಧುಗಳೇ, ತಕ್ಕಡಿಯ ಕಟ್ಟುನಿಟ್ಟು ನೋಡಿದಿರಾ? ಕೂಲಿಯವನಿಗೆ ಪಡಿ ಅಳೆಯುವಾಗ ಆ ಕಟ್ಟುನಿಟ್ಟು ಎಲ್ಲಿ ಹೋಯಿತು?

ತಿಂಗಳಿಗೆ ಐದೂವರೆ ಮೂಟೆ ಧಾನ್ಯ ಅವರ ಕೂಲಿ. ಅದೂ ಸರಕಾರಿ ಕಣಜದಿಂದ. ರಾಮೆಸಸನ ಆಳಿಕೆಯ ೨೯ನೆಯ ವರ್ಷ, ಕ್ರಿ. ಪೂ. ೧೧೫೭ರ ಸುಮಾರಿಗೆ, ಗಡುವು ಕಳೆದು ೧೮ ದಿನವಾದರೂ ಪಡಿ ಬರಲಿಲ್ಲ. ಕೆಲಸಗಾರರು ಉಳಿ ಕೆಳಗಿಟ್ಟರು. ಕಾವಲು ಗೋಡೆಗಳನ್ನು ದಾಟಿ ದೇವಾಲಯದ ಹಿಂದೆ ಹೋಗಿ ಕುಳಿತರು. ಅಧಿಕಾರಿಗಳು ಆಣೆಯಿಟ್ಟು ಕರೆದರೂ ಕದಲಲಿಲ್ಲ. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಕಾಯಿಪಲ್ಯವಿಲ್ಲ, ಅರಸನಿಗೆ ಬರೆಯಿರಿ ಎಂದರು. ಬಾಕಿ ಪಡಿ ಬಂದಿತು. ಮತ್ತೆ ತಡವಾಯಿತು, ಮತ್ತೆ ಕುಳಿತರು. ಕಣಜವೇ ಬರಿದಾಗಿದೆಯೆಂದು ಮಹಾಮಂತ್ರಿ ತೋ ಹೇಳಿ ಕಳುಹಿಸಿ, ಅರ್ಧ ಪಡಿಯಲ್ಲಿ ಕೈತೊಳೆದುಕೊಂಡ. ಗುಮಾಸ್ತ ಅಮೆನ್ನಖ್ತ್ ಬರೆದನೆನ್ನಲಾದ ಈ ದಾಖಲೆ ಇಟಲಿಯ ಟ್ಯೂರಿನ್ನಿನಲ್ಲಿದೆ. ನಮಗೆ ತಿಳಿದ ಮೊಟ್ಟಮೊದಲ ಮುಷ್ಕರದ ವರದಿ ಅದು.

ಗಣಿ ಸರಕಾರದ್ದು. ಉಳಿ ಸರಕಾರದ್ದು. ಕಣಜ ಸರಕಾರದ್ದು. ಹಸಿವು ಮಾತ್ರ ಖಾಸಗಿ!

ಇದನ್ನೂ ಸಮಾಜವಾದವೆನ್ನುವ ಮಹಾಶಯರು ರಾಮೆಸಸನಿಗೂ ಒಂದು ಸದಸ್ಯತ್ವದ ರಸೀದಿ ಹರಿದುಕೊಡಲಿ. ನಾವು ಕೊಡೆವು. ಗಣಿಯ ಲೆಕ್ಕ, ಗಿರಣಿಯ ಲೆಕ್ಕ, ಕಣಜದ ಲೆಕ್ಕ ದುಡಿಯುವವನ ಕಣ್ಣೆದುರು ಬಿಚ್ಚುವವರೆಗೆ ಸರಕಾರಿ ಒಡೆತನವೆಂಬುದು ಬಾಗಿಲ ಹಲಗೆ ಬದಲಾಯಿಸಿದ ಧಣಿತನವಷ್ಟೆ. ಸಂಗಾತಿಗಳೇ, ಹಲಗೆಯನ್ನು ಓದಿ ಹಿಗ್ಗಬೇಡಿ. ಒಳಗೆ ಹೋಗಿ ಲೆಕ್ಕದ ಪುಸ್ತಕ ಕೇಳಿರಿ. ಕೊಡದಿದ್ದರೆ, ಕುಳಿತುಕೊಳ್ಳುವುದು ಹೇಗೆಂದು ಆ ಉಳಿಯವರು ಎಂದೋ ತೋರಿಸಿಕೊಟ್ಟಿದ್ದಾರೆ.